ಹತ್ತು ನಲವತ್ತರ ಬೆಳಕು

“ಅಕ್ಕ, ಆ ಚಿತ್ರದ ಪಕ್ಕ ಬರ್ದಿರೋ ಟೈಮು ನಿಮ್ಮೂರ್ದಾ, ನಮ್ಮೂರ್ದಾ?”

ಅಡುಗೆಮನೆಯ ಸಿಂಕಿನಲ್ಲಿ ಸೋಪು ಹಚ್ಚಿ ಬ್ರಷ್ಷು ತೊಳೆಯುತ್ತಿದ್ದ ಕೋಕಿಲಾ ಒದ್ದೆ ಕೈಯಲ್ಲೇ ಫೋನು ಹಿಡಿದು ನಿಂತುಬಿಟ್ಟಳು. ಮೈಸೂರಿನಲ್ಲಿರುವ ತಂಗಿ ಅನುರಾಧಾ ತಾನಾಗಿ ಫೋನ್ ಮಾಡುವವಳಲ್ಲ. ಅವಳು ಒಂದು ಮಿಸ್ಡ್ ಕಾಲ್ ಕೊಡುವುದು, ಇವಳು ಸ್ವೀಡನ್ನಿನ ವೆಸ್ಟೆರಾಸಿನಿಂದ ಫೋನ್ ಕಾರ್ಡು ಹಾಕಿ ವಾಪಸು ಮಾಡುವುದು, ಇದು ಏಳು ವರ್ಷದ ರೂಢಿ. ಈ ಸಲ ಅವಳೇ ಮಾಡಿದ್ದಾಳೆಂದರೆ ಏನೋ ಇದೆ ಎಂದು ಎತ್ತುವಾಗಲೇ ಅನ್ನಿಸಿತ್ತು.

“ಯಾವ್ ಚಿತ್ರ?” ಎಂದಳು, ಗೊತ್ತಿದ್ದೂ.

“ಭಾವ ಮೇಲ್ ಕಳ್ಸಿದಾರಲ್ಲ, ನಿಮ್ಮ ಲೈಬ್ರರೀಲಿ ಹಾಕಿರೋದು. ಪಕ್ಕದಲ್ಲಿ ಚೀಟಿ ಅಂಟ್ಸಿದಾರೆ ನೋಡು. ಹೋದ್ ವರ್ಷ ಜನವರಿ ಇಪ್ಪತ್ಮೂರು, ಹತ್ತೂ ನಲವತ್ತರಿಂದ ಹನ್ನೊಂದೂ ಇಪ್ಪತ್ತೈದು. ನಿಮ್ಮೂರ್ ಟೈಮಾದ್ರೆ ಇಲ್ಲಿ ಮೂರೂ ಹತ್ತು ಆಗತ್ತೆ. ಮೂರೂಕಾಲಿಗೆ ಅಮ್ಮಂಗೆ ಬೆಂಕಿ ಇಟ್ಟಿದ್ದು.”

ನಲ್ಲಿ ಹರಿಯುತ್ತಲೇ ಇತ್ತು. “ನಾನೇ ವಾಪಸ್ ಮಾಡ್ತೀನಿ ಅನೂ, ಬಾಗಿಲಿಗೆ ಯಾರೋ ಬಂದ್ರು,” ಎಂದು ಕೋಕಿಲಾ ಫೋನಿಟ್ಟಳು. ಬಾಗಿಲಿಗೆ ಯಾರೂ ಬಂದಿರಲಿಲ್ಲ. ಆ ಊರಿನಲ್ಲಿ ಹೇಳದೆ ಕೇಳದೆ ಯಾರೂ ಇನ್ನೊಬ್ಬರ ಬಾಗಿಲಿಗೆ ಬರುವುದಿಲ್ಲ. ಅದು ಅನುರಾಧಾಳಿಗೂ ಗೊತ್ತಿತ್ತು.

ಕೋಕಿಲಾಳದು ಹಳೇ ಫ್ಯಾಷನ್ನಿನ ಚಿತ್ರಕಲೆ. ಮೈಸೂರಿನಲ್ಲಿ ಕಲಿಯುವಾಗ ಮೇಷ್ಟ್ರೊಬ್ಬರು, ನೆರಳಿಗೆ ಕಪ್ಪು ಬಳಿದರೆ ಕೈ ಮುರಿಯುತ್ತೇನೆಂದು ಹೆದರಿಸಿದ್ದರು. ಅಂದಿನಿಂದ ಅವಳ ಪೆಟ್ಟಿಗೆಯಲ್ಲಿ ಕಪ್ಪು ಬಣ್ಣದ ಟ್ಯೂಬೇ ಇಲ್ಲ. ಫ್ರಾನ್ಸಿನವರು ನೂರು ವರ್ಷದ ಹಿಂದೆಯೇ ಮಾಡಿ ಮುಗಿಸಿದ ಇಂಪ್ರೆಷನಿಸಂ ಹಿಡಿದು ಕೂತಿದ್ದಾಳೆಂದು ಜೊತೆಯವರು ನಕ್ಕರು, ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡ ಶ್ರೀನಾಥನಿಗೆ ವಿದ್ಯುತ್ ಯಂತ್ರಗಳ ಕಂಪನಿಯಲ್ಲಿ ಕೆಲಸವಾಗಿ ಇಲ್ಲಿಗೆ ಬಂದ ಮೇಲೂ ಬಿಡಲಿಲ್ಲ. ಮಗಳು ದೀಪ್ತಿಯನ್ನು ದಾಗಿಸ್‌ಗೆ, ಅಂದರೆ ಅಲ್ಲಿನ ಶಿಶುವಿಹಾರಕ್ಕೆ, ಬಿಟ್ಟು, ಬೆನ್ನಿಗೆ ಪೆಟ್ಟಿಗೆ ಹಾಕಿಕೊಂಡು ಸರೋವರದ ದಡಕ್ಕೆ ಹೊರಟುಬಿಡುವಳು. ಅಲ್ಲಿ ಬಯಲಲ್ಲೇ ನಿಂತು ಮುಕ್ಕಾಲು ಗಂಟೆ ಕೆಲಸ. ಅಷ್ಟರಲ್ಲಿ ಬೆಳಕು ಬದಲಾಗುತ್ತದೆ, ಆಮೇಲೆ ಬಳಿದದ್ದೆಲ್ಲ ಸುಳ್ಳು ಎಂದು ಅವಳ ನಂಬಿಕೆ. ಮುಗಿಯದಿದ್ದರೆ ಮರುದಿನ ಅದೇ ಹೊತ್ತಿಗೆ ಹೋಗಿ ನಿಲ್ಲಬೇಕಲ್ಲ, ಅದಕ್ಕೆ ಚಿತ್ರದ ಹಲಗೆಯ ಹಿಂದೆ ತಾರೀಖನ್ನೂ ಶುರುಮಾಡಿ ಬಿಟ್ಟ ಹೊತ್ತನ್ನೂ ಪೆನ್ಸಿಲಿನಲ್ಲಿ ಬರೆದಿಡುವಳು. ಲೈಬ್ರರಿಯ ಪ್ರದರ್ಶನ ನೋಡಿಕೊಳ್ಳುವ ಗುನ್ವೋರ್ ಹಲಗೆ ತಿರುಗಿಸಿ ಅದನ್ನು ಕಂಡು, ಖುಷಿಯಾಗಿ, ಹಾಗೇ ಚೀಟಿಗೆ ಇಳಿಸಿದ್ದಳು.

ಅಮ್ಮ ಸರಸ್ವತಿ ತೀರಿಕೊಂಡಾಗ ಇವರ ವಾಸದ ಪರ್ಮಿಟ್ಟಿನ ಅರ್ಜಿ ಇನ್ನೂ ಕಚೇರಿಯಲ್ಲಿತ್ತು. ತೀರ್ಮಾನ ಬರುವ ಮುಂಚೆ ದೇಶ ಬಿಟ್ಟರೆ ವಾಪಸು ಬಿಟ್ಟುಕೊಳ್ಳುತ್ತಾರೋ ಇಲ್ಲವೋ, ಯಾರೂ ಖಾತರಿ ಕೊಡಲಿಲ್ಲ. “ನೀನ್ ಹೋಗಿ ಅಲ್ಲೇ ಸಿಕ್ಕಾಕೊಂಡ್ರೆ ದೀಪ್ತಿ ಗತಿಯೇನು?” ಎಂದ ಶ್ರೀನಾಥ. ಅವಳು ಹೂಂ ಎಂದಳು. ಅಳು ಬರಲಿಲ್ಲ. ದಹನದ ದಿನ ಅವನು ಆಫೀಸಿಗೆ ಹೋದ, ತಪ್ಪಿಸಲಾಗದ ಮೀಟಿಂಗು. ಹತ್ತು ಗಂಟೆಗೆ ಅನುರಾಧಾ, “ಈಗ ಎತ್ತುತ್ತಾರೆ ಅಕ್ಕ,” ಎಂದು ಫೋನಿನಲ್ಲಿ ಹೇಳಿದಾಗ, “ನಾನಿಲ್ಲಿ ದೀಪ ಹಚ್ಚಿ ಕೂತಿರ್ತೀನಿ,” ಎಂದು ಮಾತು ಕೊಟ್ಟಳು.

ದೀಪಕ್ಕೆ ಎಣ್ಣೆ ಹಾಕಿದ್ದೂ ನಿಜ. ಬತ್ತಿ ಹೊಸೆಯುತ್ತ ಕಿಟಕಿಯಾಚೆ ನೋಡಿದಳು. ಹೊಲದ ಹಿಮದ ಮೇಲೆ ಮರಗಳ ನೆರಳು ಉದ್ದಕ್ಕೆ ಬಿದ್ದಿತ್ತು. ಆಮೇಲೆ ನೆನಪಿರುವುದು ದಡದಲ್ಲಿ ನಿಂತದ್ದು. ಮೈನಸ್ ಒಂಬತ್ತು. ಟ್ಯೂಬಿನೊಳಗೆ ಬಣ್ಣ ಸೆಟೆದುಕೊಳ್ಳದಿರಲೆಂದು ಅವುಗಳನ್ನು ಸ್ವೆಟರಿನ ಒಳಗೆ, ಹೊಟ್ಟೆಗೆ ಒತ್ತಿಟ್ಟುಕೊಂಡಿದ್ದಳು. ಆರು ಚಳಿಗಾಲ ಅವಳು ಬಳಿದ ಹಿಮವೆಲ್ಲ ಗೋಡೆಗೆ ಹೊಡೆದ ಸುಣ್ಣದಂತೆ ಕಂಡಿತ್ತು. ಅವತ್ತು ಮಾತ್ರ ನೆರಳು ನೇರಳೆಯೆಂದೂ, ಬಿಸಿಲು ಅದನ್ನು ಮುಟ್ಟುವ ಕಡೆ ತೆಳ್ಳಗೆ ಹಸಿರಿದೆಯೆಂದೂ, ದೂರದ ಮಂಜುಗಡ್ಡೆಯಲ್ಲಿ ಗುಲಾಬಿ ಇದೆಯೆಂದೂ ಒಂದೊಂದಾಗಿ ಕಂಡಿತು. ಕಂಡದ್ದು ಕಂಡಹಾಗೆ ಕೈಗೆ ಬಂತು. ಅಮ್ಮನ ಯೋಚನೆ ಒಂದು ಸಲವೂ ಬರಲಿಲ್ಲ. ಮನೆಗೆ ಬಂದು ಎಣ್ಣೆಯನ್ನು ವಾಪಸು ಶೀಶೆಗೆ ಬಸಿದಳು.

ಅದಾಗಿ ಹದಿನಾಲ್ಕು ತಿಂಗಳು. ಅವಳು ಸಾರು ಮಾಡಿದ್ದಾಳೆ, ಸ್ವೀಡಿಷ್ ಪರೀಕ್ಷೆ ಪಾಸು ಮಾಡಿದ್ದಾಳೆ, ದೀಪ್ತಿಯ ಹುಟ್ಟುಹಬ್ಬಕ್ಕೆ ಹನ್ನೊಂದು ಮಕ್ಕಳಿಗೆ ಕೇಕು ಹಂಚಿದ್ದಾಳೆ. ಒಳಗೆ ಮಾತ್ರ ಯಾವುದೂ ನಾಟುತ್ತಿರಲಿಲ್ಲ. ನನ್ನದು ಕಲ್ಲು ಎದೆ ಎಂದು ಒಂದೆರಡು ಸಲ ಅಂದುಕೊಂಡಳು, ಅದೂ ನಾಟಲಿಲ್ಲ.

ಈಗ ಕೊಮ್ಯೂನಿನವರು, ಅಂದರೆ ಅಲ್ಲಿನ ನಗರಸಭೆಯವರು, ಹೊಸ ಆರೋಗ್ಯ ಕೇಂದ್ರದ ಗೋಡೆಗೆ ಆ ಚಿತ್ರವನ್ನೇ ಆರಿಸಿದ್ದರು. ಶ್ರೀನಾಥನಿಗೆ ಹಿಗ್ಗೋ ಹಿಗ್ಗು. ಫೋಟೋ ತೆಗೆದು ಬಂಧುಬಳಗಕ್ಕೆಲ್ಲ ಕಳಿಸಿದವನು ಅವನೇ. ಸಂಜೆ ಊಟದ ಮೇಜಿನಲ್ಲಿ ಕೋಕಿಲಾ ಎಲ್ಲವನ್ನೂ ಹೇಳಿದಳು. ಅವನು ತುತ್ತು ಕೈಯಲ್ಲಿ ಹಿಡಿದು ಕೇಳಿದ.

“ನಂಗೂ ಹೇಳ್ಲಿಲ್ವಲ್ಲ ನೀನು.”

“ಹೇಳೋದೇನಿತ್ತು?”

ಅವನು, ಇಂಜಿನಿಯರಲ್ಲವೇ, ರಿಪೇರಿಗೆ ಇಳಿದ. “ಸಿಂಪಲ್ಲು. ಚೀಟೀಲಿ ಡೇಟ್ ತಪ್ಪಾಗಿದೆ ಅಂತ ಹೇಳು. ಇಪ್ಪತ್ನಾಲ್ಕು ಅನ್ನೋದನ್ನ ಇಪ್ಪತ್ಮೂರು ಅಂತ ಬರ್ದಿದಾರೆ, ಅಷ್ಟೇ.”

“ತಪ್ಪು ಗುನ್ವೋರ್ ಮೇಲೆ ಹಾಕ್ಲಾ?”

“ಅವ್ರಿಗೇನ್ ಕನ್ನಡ ಬರತ್ತಾ?”

ಯಾರು ಸುಳ್ಳು ಹೇಳಿದ್ದು ಎಂದು ದೀಪ್ತಿ ಸ್ವೀಡಿಷಿನಲ್ಲಿ ಕೇಳಿದಳು. ಯಾರೂ ಇಲ್ಲ, ಊಟ ಮಾಡು ಎಂದು ಶ್ರೀನಾಥ ಕನ್ನಡದಲ್ಲಿ ಗದರಿದ. ತಟ್ಟೆ ತೊಳೆಯುವಾಗ ಪಕ್ಕಕ್ಕೆ ಬಂದು ನಿಂತು, “ಅವತ್ತು ನಾನು ಮನೇಲಿರ್ಬೇಕಿತ್ತು ಕಣೆ,” ಎಂದ. ಕೋಕಿಲಾ ಅವನ ಕೈಗೆ ಒರೆಸುವ ಬಟ್ಟೆ ಕೊಟ್ಟಳು.

ಮರುದಿನ ಬೆಳಿಗ್ಗೆ ಲೈಬ್ರರಿಗೆ ಹೋದಳು. ಅನುರಾಧಾ ಒಬ್ಬಳೇ ಅವಳಿಗೆ ತವರು ಎಂದು ಉಳಿದಿದ್ದವಳು. ಅಮ್ಮನ ಆರು ವರ್ಷದ ಕಾಯಿಲೆಯನ್ನು ಮೈಮೇಲೆ ಹೊತ್ತವಳು, ಒಂದು ದಿನವೂ ಅಕ್ಕನನ್ನು ಆಡಿಕೊಳ್ಳದವಳು. ಅವಳನ್ನು ಕಳೆದುಕೊಳ್ಳಬಾರದು ಎನ್ನುವುದಷ್ಟೇ ಕೋಕಿಲಾಳಿಗೆ ಖಚಿತವಿತ್ತು. ಚೀಟಿಯಲ್ಲಿ ಒಂದೇ ಅಂಕಿ ತಿದ್ದಿದರೆ ಸಾಕು, ಒಂದು ಹೊಸ ಫೋಟೋ ಕಳಿಸಿದರೆ ಮುಗಿಯಿತು.

ಬೆಳ್ಳಿ ಕೂದಲಿನ ಗುನ್ವೋರ್ ಥರ್ಮಾಸಿನ ಕಾಫಿ ಹಿಡಿದು ಎದುರಿಗೇ ಸಿಕ್ಕಳು. ಚೀಟಿ ಬದಲಿಸಬೇಕಿತ್ತು, ತಾರೀಖು ತಪ್ಪಿದೆ ಎಂದಳು ಕೋಕಿಲಾ. ಗುನ್ವೋರ್ ಮುಖ ಸಣ್ಣದಾಯಿತು. “ನಾನೇ ತಪ್ಪು ಓದಿದೆನೇನೋ. ಕಣ್ಣು ಮೊದಲಿನ ಹಾಗಿಲ್ಲ ನೋಡು. ಕ್ಷಮಿಸು,” ಎಂದು ಡ್ರಾಯರಿನಿಂದ ಹೊಸ ಚೀಟಿ, ಪೆನ್ನು ತೆಗೆದುಕೊಟ್ಟು, ತಪ್ಪು ಮಾಡಿದವಳ ಹಾಗೆ ಅಲ್ಲೇ ನಿಂತಳು.

ಕೋಕಿಲಾ ಪೆನ್ನಿನ ಮುಚ್ಚಳ ತೆಗೆದಳು. ಎರಡು ಎಂದು ಬರೆದಳು. ಮುಂದಿನ ಅಂಕಿ ಬರೆಯಲಾಗಲಿಲ್ಲ. ಇಪ್ಪತ್ತನಾಲ್ಕನೇ ತಾರೀಖು ಪೂರಾ ಮೋಡವಿತ್ತು. ನೆರಳೇ ಇರಲಿಲ್ಲ. ಚಿತ್ರದಲ್ಲಿರುವುದು ಅಮ್ಮನನ್ನು ಬಿಟ್ಟು ಹೋಗಿ ತಂದ ಬೆಳಕು. ಅದರ ಮೇಲೂ ಸುಳ್ಳು ಬರೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಎನ್ನಿಸಿತು.

“ನೀವು ಓದಿದ್ದೇ ಸರಿ,” ಎಂದು ಪೆನ್ನು ವಾಪಸು ಕೊಟ್ಟಳು. ಗುನ್ವೋರ್ ಏನೂ ಅರ್ಥವಾಗದೆ, ಆದರೂ ನಿರಾಳವಾಗಿ, ಕಾಫಿ ಬಗ್ಗಿಸಲು ಹೋದಳು.

ಕೋಕಿಲಾ ಪುಸ್ತಕದ ಕಪಾಟುಗಳ ನಡುವೆ ಹೋಗಿ ಕಾರ್ಡಿನ ನಂಬರು ಒತ್ತಿದಳು. ಮೈಸೂರಿನಲ್ಲಿ ಮಧ್ಯಾಹ್ನವಾಗಿತ್ತು. ಹಿಂದೆ ಕುಕ್ಕರ್ ಕೂಗುತ್ತಿತ್ತು.

“ಅದು ಇಲ್ಲೀ ಟೈಮೇ, ಅನೂ.”

ಆ ಕಡೆ ಸೌಟು ಕೆಳಗಿಟ್ಟ ಸದ್ದಾಯಿತು.

“ದೀಪ ಹಚ್ಲಿಲ್ಲ. ಕೆರೆ ಹತ್ರ ಹೋಗಿ ಚಿತ್ರ ಬರ್ದೆ.”

“ನಾನು ಎಲ್ರಿಗೂ ಹೇಳಿದ್ದೆ,” ಎಂದಳು ಅನುರಾಧಾ. “ಅಕ್ಕ ಅಲ್ಲಿ ದೀಪ ಹಚ್ಕೊಂಡು ಕೂತಿದಾಳೆ ಅಂತ. ಎತ್ತೋಕ್ ಮುಂಚೆ ಅಮ್ಮನ ಕಿವೀಲೂ ಹೇಳ್ದೆ.”

ಕೋಕಿಲಾ ಕಪಾಟಿಗೆ ಒರಗಿದಳು. ಕ್ಷಮಿಸು ಎನ್ನುವುದು ಬಾಯಿಗೆ ಬರಲಿಲ್ಲ; ಬಂದಿದ್ದರೂ ಅದು ಬಹಳ ಚಿಕ್ಕ ಮಾತು. ಬಂದದ್ದು ಬೇರೆಯೇ, ಹದಿನಾಲ್ಕು ತಿಂಗಳಲ್ಲಿ ಒಂದು ಸಲವೂ ಕೇಳದಿದ್ದ ಮಾತು.

“ಅಮ್ಮಂಗೆ ಯಾವ್ ಸೀರೆ ಉಡ್ಸಿದ್ರಿ?”

“ಈಗ್ಯಾಕೆ?”

“ಹೇಳು.”

“ಹಸ್ರು. ಹೊಸ್ದೊಂದು ಬೀರೂಲಿತ್ತು. ಮಡಿಕೆ ಕೂಡ ಬಿಚ್ಚಿರ್ಲಿಲ್ಲ.”

“ಯಾವ್ ಹಸ್ರು?”

“ಗಿಳಿ ಹಸ್ರು. ಅಲ್ಲ, ಸ್ವಲ್ಪ ಡಾರ್ಕು. ದಾಳಿಂಬೆ ಎಲೆ ಥರ.”

“ಅಂಚು?”

ಕುಕ್ಕರ್ ಇನ್ನೊಂದು ಸಲ ಕೂಗಿತು. ಅನುರಾಧಾ ಅದನ್ನು ಆರಿಸಲು ಹೋಗಲಿಲ್ಲ.

“ಅಂಚು...” ಎಂದಳು. “ಅಯ್ಯೋ ಅಕ್ಕ, ಅಂಚು ನೆನಪಿಲ್ಲ. ನಾನೇ ಉಡ್ಸಿದ್ದು, ನಾನೇ ನೆರಿಗೆ ಹಿಡ್ದಿದ್ದು. ಕಾಫಿಗೆ ಹಾಲು ಸಾಲತ್ತೋ ಇಲ್ವೋ, ವ್ಯಾನ್ ಬಂತೋ ಇಲ್ವೋ ಅಂತ ಬರೀ ಅದೇ ತಲೇಲಿತ್ತು. ನಾನ್ ನೋಡ್ಲೇ ಇಲ್ಲ ಅಕ್ಕ. ಪಕ್ಕದಲ್ಲೇ ಇದ್ದು ನಾನ್ ನೋಡ್ಲೇ ಇಲ್ಲ.” ಅನುರಾಧಾ ಜೋರಾಗಿ, ಚಿಕ್ಕಂದಿನಲ್ಲಿ ಅಳುತ್ತಿದ್ದ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

ಕೋಕಿಲಾ ನೆಲದ ಮೇಲೆ ಕೂತಳು. ಕೋಟು ಹಾಕಿಕೊಂಡ ಮುದುಕರೊಬ್ಬರು ಪುಸ್ತಕ ಹುಡುಕುತ್ತ ಬಂದು, ಅವಳನ್ನು ಕಂಡು, ಸದ್ದಾಗದಂತೆ ಪಕ್ಕದ ಸಾಲಿಗೆ ಹೋದರು. ಅವಳು ಕೇಳುತ್ತಲೇ ಇದ್ದಳು. ಕಿವಿ ಬಿಸಿಯಾಗಿ ನೋಯತೊಡಗಿದಾಗ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು.