ರಂಜನಿ ಸ್ಮಾರಕ ಕಪ್

ಫ್ಲೆಕ್ಸಿನ ನಡುವೆ ಇದ್ದ ಹುಡುಗಿಯನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಕಮಲ ನಿಂತಳು. ಎರಡು ಜಡೆ, ಫೋಟೋ ತೆಗೆಯುವವನ ಮೇಲೆ ಸಿಟ್ಟು ಬಂದವಳಂತೆ ಬಿಗಿದ ತುಟಿ, ಎಡಕ್ಕೆ ಓರೆಯಾದ ಅಂಗಿಯ ಕಾಲರು. ಆ ಕಾಲರನ್ನು ಹೊಲಿದವಳು ಗೆಳತಿ ಮಂಜಿ. ಹೊಲಿದ ದಿನ ತಾನು ನಕ್ಕಿದ್ದಕ್ಕೆ ಅವಳು ಕತ್ತರಿ ಎಸೆದಿದ್ದಳು. ಇದು ನೆನಪಾದ ಮೇಲೆಯೇ ಕಮಲಳಿಗೆ ಅದು ತನ್ನದೇ ಮುಖವೆಂದು ತಿಳಿದದ್ದು.

ಆಮೇಲೆ ಅವಳು ಕೆಳಗಿನ ಅಕ್ಷರ ಓದಿದಳು. ‘ದಿ. ಕುಮಾರಿ ರಂಜನಿ. ಮರೆಯಲಾಗದ ಮಾಣಿಕ್ಯ.’ ಎರಡೂ ಬದಿಗೆ ಉರಿಯುವ ದೀಪದ ಚಿತ್ರ. ಸುತ್ತ ಗುಲಾಬಿ ಹಾರ, ಅದೂ ಅಚ್ಚಿನದ್ದೇ.

ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ, ಬಾಳೆಹಣ್ಣು ಕೊಂಡು ಮನೆ ಕಡೆಯ ಹೆಬ್ಬಾಳದ ಬಸ್ಸಿಗೆಂದು ಮೈಸೂರಿನ ದೇವರಾಜ ಮೊಹಲ್ಲಾದ ಒಳರಸ್ತೆ ಹಿಡಿದಿದ್ದಳು. ಚೀಲದ ಹಿಡಿ ಬೆರಳಿನಿಂದ ಜಾರಿತು. ರಂಜನಿ ಎಂದು ಅವಳನ್ನು ಯಾರೂ ಕರೆಯದೆ ನಲವತ್ತು ವರ್ಷವಾಗಿತ್ತು. ಮದುವೆಯ ದಿನ ಗಂಡನ ಮನೆಯವರು ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ‘ಕಮಲ’ ಎಂದು ಬರೆಸಿ ಹೊಸ ಹೆಸರಿಟ್ಟಿದ್ದರು. ಬ್ಯಾಂಕಿನಲ್ಲಿದ್ದ ಗಂಡ ಅನಂತಪದ್ಮನಾಭನ ಹಿಂದೆ ಊರೂರು ಸುತ್ತಿ, ಅವನು ನಿವೃತ್ತನಾದ ಮೇಲೆಯೇ ಅವಳು ಮೈಸೂರಿಗೆ ಮರಳಿದ್ದು. ಹುಟ್ಟಿ ಬೆಳೆದ ಈ ಬೀದಿಗೆ ಬೇಕೆಂದೇ ಬರುತ್ತಿರಲಿಲ್ಲ. ಇವತ್ತು ಮುಖ್ಯರಸ್ತೆ ಅಗೆದಿದ್ದರು, ಅಷ್ಟೇ.

ಫ್ಲೆಕ್ಸಿನ ಮೇಲುಗಡೆ ದಪ್ಪಕ್ಷರದಲ್ಲಿ ಬರೆದಿತ್ತು: ‘ನಮ್ಮ ಮೊಹಲ್ಲಾ, ನಮ್ಮ ಹೆಮ್ಮೆ. ನಮ್ಮೂರಿಗೆ ರಾಜ್ಯದ ಕಪ್ ತಂದ ಮಹಿಳಾ ಖೋ ಖೋ ಸಂಘದ ಸುವರ್ಣ ಮಹೋತ್ಸವ. ಭಾನುವಾರ ಸಂಜೆ. ಸರ್ವರಿಗೂ ಸ್ವಾಗತ.’

“ಏನ್ ಕೊಡ್ಲಿ, ಅಮ್ಮಾ?”

ಫ್ಲೆಕ್ಸಿನ ಕೆಳಗೇ ಗ್ರಂಧಿಗೆ ಅಂಗಡಿ. ಊದಿನಕಡ್ಡಿ, ಕರ್ಪೂರ, ವಿಭೂತಿಗಟ್ಟಿಗಳ ನಡುವೆ ಹಣೆ ತುಂಬ ವಿಭೂತಿ ಇಟ್ಟ ದಪ್ಪನೆಯ ಹೆಂಗಸು ಕೂತಿದ್ದಳು.

“ಕರ್ಪೂರ,” ಎಂದಳು ಕಮಲ. ಬಾಯಿಗೆ ಬಂದದ್ದು ಅದು. “ಆ ಫೋಟೋದಲ್ಲಿರೋ ಹುಡುಗಿ ಯಾರು?”

“ಯಾವೂರಮ್ಮ ನಿಮ್ದು? ನಮ್ಮ ರಂಜನಿ ಗೊತ್ತಿಲ್ವಾ?”

ಆ ದನಿ ಕಮಲಳಿಗೆ ಗೊತ್ತಿತ್ತು. ಮಂಜಿ. ಮಂಜುಳಾ. ಎದುರಾಳಿಯ ಕೈಗೆ ಸಿಕ್ಕಿದಾಗಲೂ ಇದೇ ದನಿಯಲ್ಲಿ ಅಂಪೈರಿನ ಜೊತೆ ಜಗಳವಾಡುತ್ತಿದ್ದವಳು.

ಒಳಗಿನಿಂದ ಅವಳ ಗಂಡ ಕೂಗಿದ. “ಬಸ್ಸಿದ್ರೆ ಓಡೋಗ್ಬುಡಿ ಅಮ್ಮಾವ್ರೇ. ಇವಳು ಕಪ್ಪಿನ ಕತೆ ತೆಗುದ್ರೆ ಸಂಜೆ ಆಯ್ತದೆ.”

“ನೀವ್ ಸುಮ್ನಿರ್ರೀ. ಓಡೋದು ಅಂದ್ರೆ ನಿಮಗೇನ್ ಗೊತ್ತು, ನಮ್ಮನೆಗೆ ಹೆಣ್ಣು ನೋಡಕ್ಕೂ ಆಟೋದಲ್ಲಿ ಬಂದೋರು,” ಎಂದು ಮಂಜುಳಮ್ಮ ಕಮಲಳ ಕಡೆ ತಿರುಗಿದಳು. “ಆ ಕಪ್ಪು ಬಂದಿದ್ದೇ ಅವಳಿಂದ ಕಣಮ್ಮ. ಕಂಬ ಸುತ್ತೋದು ನೋಡ್ಬೇಕಿತ್ತು ನೀವು, ಹಾವು ಸುತ್ತಿದಂಗೆ. ನ್ಯಾಷನಲ್ ಕ್ಯಾಂಪಿಗೆ ಆರಿಸಿದ್ರು. ಅಷ್ಟರಲ್ಲಿ ಹೋಗ್ಬುಟ್ಳು. ಟೈಫಾಯ್ಡು.”

“ನೀವು ನೋಡಿದ್ರಾ?”

“ಎಲ್ಲಿ ನೋಡೋದು? ಶಿವಮೊಗ್ಗದಲ್ಲಿ ಸೋದರತ್ತೆ ಮನೇಲಿದ್ಲು. ನಾವು, ಮೇಷ್ಟ್ರು, ಎಲ್ಲ ಸೇರಿ ಕ್ಯಾಂಪಿಗೆ ಕರ್ಕೊಂಡು ಹೋಗಕ್ಕೆ ಅಂತ ಅವರ ವಠಾರಕ್ಕೆ ಹೋದ್ವಿ. ಅವರಮ್ಮಾನೇ ಬಾಗಿಲಿಗೆ ಬಂದು ಹೇಳಿದ್ದು. ಸತ್ತೋದ್ಲು, ಅಲ್ಲೇ ಮಣ್ಣಾಯ್ತು, ಇನ್ನು ಈ ಕಡೆ ಬರಬೇಡಿ ಅಂತ. ಒಂದು ತೊಟ್ಟು ಕಣ್ಣೀರಿಲ್ಲ ಆಯಮ್ಮನ ಕಣ್ಣಲ್ಲಿ. ಒಣಗೋಗಿತ್ತೇನೋ, ಪಾಪ.”

“ಅವರಮ್ಮಾನೇ?”

“ಹೆತ್ತ ತಾಯಿ ಸುಳ್ಳು ಹೇಳ್ತಾರಾ? ಅದಾದ್ಮೇಲೆ ಮನೆ ಖಾಲಿ ಮಾಡ್ಕೊಂಡು ಹೋಗ್ಬುಟ್ರು.” ಮಂಜುಳಮ್ಮ ಸೆರಗಿನ ತುದಿಯಿಂದ ಮೂಗೊರೆಸಿದಳು. “ಸಂಘದ ರೂಮಲ್ಲಿ ಅವಳ ಫೋಟೋ ಇದೆ. ಆಯುಧಪೂಜೇಲಿ ಕಪ್ಪಿಗೂ ಅವಳಿಗೂ ನಾನೇ ಹೂ ಹಾಕೋದು. ನಮ್ಮ ಹುಡುಗೀರು ಮ್ಯಾಚಿಗೆ ಹೊರಡೋ ಮುಂಚೆ ಫೋಟೋ ಮುಟ್ಟಿ ಕಣ್ಣಿಗೆ ಒತ್ಕೊಂಡೇ ಹೋಗೋದು. ಮುಟ್ಟಿ ಹೋದ್ರೆ ಗೆದ್ದೇ ಬರ್ತಾರೆ, ಬೇಕಾದ್ರೆ ಯಾರನ್ನಾದ್ರೂ ಕೇಳಿ. ರಂಜನಿ ಸ್ಮಾರಕ ಕಪ್ಪು ಅಂತ ಪ್ರತಿ ವರ್ಷ ಆಡಿಸ್ತೀವಿ. ಭಾನುವಾರ ಬನ್ನಿ.”

ಕಮಲ ತಲೆಯಾಡಿಸಿದಳು. ಕರ್ಪೂರದ ಪೊಟ್ಟಣ ಅಂಗಡಿಯಲ್ಲೇ ಉಳಿಯಿತು.

ಬಸ್ಸಿನಲ್ಲಿ ಪಾಳಿ ಮುಗಿಸಿದವರು, ಪಾಳಿಗೆ ಹೊರಟವರು ಒತ್ತಿಕೊಂಡು ನಿಂತಿದ್ದರು. ಅವಳಿಗೆ ಕಂಬಿ ಹಿಡಿಯಬೇಕೆಂದೂ ತೋಚಲಿಲ್ಲ. ಮಂಜಿ ಮದುವೆಗೆ ಬರಲಿಲ್ಲ, ಯಾರೂ ಬರಲಿಲ್ಲ. ಶಿವಮೊಗ್ಗದ ಛತ್ರದಲ್ಲಿ ಹಸೆಮಣೆಯ ಮೇಲೆ ಕೂತು ಬಾಗಿಲು ನೋಡಿದ್ದೇ ನೋಡಿದ್ದು. ‘ಕರೆಯೋಲೆ ಕೊಟ್ಟೆ ಕಣೆ, ಬರಲ್ಲ ಅಂದ್ರು, ಆಟ ಬಿಟ್ಟೋಳ ಹತ್ರ ಅವರಿಗೇನು’ ಎಂದಿದ್ದಳು ಅಮ್ಮ. ಆ ಮಾತು ನಂಬಿ ಒಂದು ಕಾಗದ ಬರೆಯಲಿಲ್ಲ. ಗಂಡನ ಹತ್ತಿರ ಆಟದ ವಿಷಯವನ್ನೇ ಎತ್ತಲಿಲ್ಲ. ತನ್ನನ್ನು ಅಷ್ಟು ಸಲೀಸಾಗಿ ಮರೆತವರ ನೆನಪು ತನಗೇಕೆ ಎಂದು ಹಲ್ಲು ಕಚ್ಚಿ ಬದುಕಿದ್ದಳು. ಅವರೋ, ತನ್ನ ಫೋಟೋಕ್ಕೆ ಹೂ ಹಾಕುತ್ತಿದ್ದರು.

ಅಮ್ಮ ಹಜಾರದಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಎಂಬತ್ತು ದಾಟಿದ ಕೈ, ಆದರೂ ಒಂದು ಹುಳುಕು ಎಲೆ ತಪ್ಪುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಅವಳು ಮಗಳ ಮನೆಯಲ್ಲೇ ಇದ್ದಳು.

“ವೀಳ್ಯದೆಲೆ ಚಿಗುರು ತಾನೆ? ಹೋದ ಸಲ ಬಲಿತಿದ್ದು ತಂದಿದ್ದೆ,” ಎಂದಳು ತಲೆಯೆತ್ತದೆ.

“ಅಮ್ಮ, ನಾನು ಸತ್ತೋದೆ ಅಂತ ಹೇಳಿದ್ಯಾ?”

ಅಮ್ಮನ ಬೆರಳು ನಿಂತಿತು. ಇಲ್ಲ ಎನ್ನುತ್ತಾಳೆ, ಯಾರು ಹೇಳಿದ್ದು ಎಂದು ಸಿಡುಕುತ್ತಾಳೆ ಎಂದುಕೊಂಡಿದ್ದಳು ಕಮಲ. ಇಲ್ಲ ಎಂದಿದ್ದರೆ ಸಾಕಾಗಿತ್ತು, ನಂಬಿಬಿಡುತ್ತಿದ್ದಳು.

“ಹೂಂ. ಹೇಳಿದ್ದೆ,” ಎಂದಳು ಅಮ್ಮ.

“ಹೆತ್ತ ಬಾಯಲ್ಲಿ?”

“ಇನ್ಯಾವ ಬಾಯಲ್ಲಿ ಹೇಳ್ಲಿ? ಇರೋದು ಒಂದೇ ಬಾಯಿ.” ಅಮ್ಮ ಮೊರವನ್ನು ಪಕ್ಕಕ್ಕಿಟ್ಟಳು. “ಆ ಮೇಷ್ಟ್ರು ದಿನಾ ಬರೋರು. ಕ್ಯಾಂಪು, ಕ್ಯಾಂಪು. ನಿಮ್ಮಪ್ಪನ ಮನಸ್ಸು ಕರಗ್ತಿತ್ತು. ಅನಂತನ ಮನೆಯವರು ಒಪ್ಪಿ ಕೂತಿದ್ರು. ಚಡ್ಡಿ ಹಾಕ್ಕೊಂಡು ಓಡ್ತಾಳೆ ಅಂತ ಅವರ ಕಿವಿಗೆ ಬಿದ್ದಿದ್ರೆ? ಮದುವೆ ಗೊತ್ತಾಗಿದೆ ಅಂದ್ರೆ ಆ ಹುಡುಗೀರು ಅಲ್ಲಿಗೂ ಬಂದು ಕೂರೋರು. ಸತ್ತೋರ ಮನೆಗೆ ಯಾರೂ ಎರಡು ಸಲ ಬರಲ್ಲ.”

“ಅಪ್ಪಂಗೆ ಗೊತ್ತಿತ್ತಾ?”

“ಗೊತ್ತಾದ್ರೆ ನನ್ನ ಮನೇಲಿ ಇಟ್ಕೋತಿದ್ರಾ?” ಅಮ್ಮ ಕೈಗೆ ಅಂಟಿದ ಮಣ್ಣನ್ನು ಉಜ್ಜಿಕೊಂಡಳು. “ನಿನ್ನ ಹೆಸರು ಬದಲಾಯಿಸಿ ಅಂತ ನಿಮ್ಮತ್ತೆಗೆ ಹೇಳಿದ್ದೂ ನಾನೇ. ಅವರ ಮನೇಲಿ ಆ ಪದ್ಧತಿ ಬಿಟ್ಟೋಗಿತ್ತು. ಆ ಹೆಸರಿಗೆ ಸಾವು ಅಂದ್ಬಿಟ್ಟಿದ್ದೆ. ಅದನ್ನ ಹೊತ್ಕೊಂಡು ನೀನು ಬಾಳೋದು ಬೇಡ ಅನ್ನಿಸ್ತು.”

ಕಮಲ ಗೋಡೆಗೆ ಒರಗಿದಳು. ಆ ಹೆಸರಿಗಾಗಿ ಅತ್ತೆಯನ್ನು ಅವರು ಸಾಯುವವರೆಗೂ ಒಳಗೊಳಗೇ ಶಪಿಸಿದ್ದಳು. ಅತ್ತೆ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

“ಸೋಮವಾರ ಒಪ್ಪತ್ತು ಯಾತಕ್ಕೆ ಮಾಡ್ತೀನಿ ಅಂದ್ಕೊಂಡಿದ್ದೆ?” ಎಂದಳು ಅಮ್ಮ. “ನಿಮ್ಮಪ್ಪನಿಗಾ? ಅವತ್ತಿಂದ ಒಂದು ಸೋಮವಾರ ಬಿಟ್ಟಿಲ್ಲ. ನನ್ನ ಮಾತು ನಿನ್ನ ಆಯುಸ್ಸಿಗೆ ತಟ್ಟಬಾರದು ಅಂತ. ನಿನಗೆ ಹೆರಿಗೆ ಕಷ್ಟ ಆದಾಗ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ನಾಲಿಗೆ ಕಚ್ಕೊಂಡು ರಕ್ತ ಬರಿಸ್ಕೊಂಡಿದ್ದೆ.”

ಇಷ್ಟು ದಿನ ಕಮಲಳೇ ಕೈಯಾರೆ ಆ ಒಪ್ಪತ್ತಿನ ಉಪ್ಪಿಟ್ಟು ಮಾಡಿಕೊಟ್ಟಿದ್ದಳು, ಅಮ್ಮನ ಭಕ್ತಿಯನ್ನು ನಾಲ್ಕು ಜನರ ಮುಂದೆ ಹೊಗಳಿದ್ದಳು.

“ಭಾನುವಾರ ಸಮಾರಂಭ ಇದೆ,” ಎಂದಳು ಕೊನೆಗೆ. “ನಾನು ಹೋಗ್ತೀನಿ.”

ಅಮ್ಮನ ಮುಖ ಆಗ ಬದಲಾಯಿತು. “ಬೇಡ ಕಣೆ. ಊರೆಲ್ಲ ಉಗಿಯುತ್ತೆ ನನ್ನ. ನಾನಿನ್ನೆಷ್ಟು ದಿನ? ನಾನು ಹೋದ್ಮೇಲೆ ಹೇಳ್ಕೊ, ಡಂಗುರ ಹೊಡಿಸ್ಕೊ. ಅಲ್ಲೀವರೆಗೆ ಇದ್ದಂಗೇ ಇದ್ಬಿಡು.”

“ಸತ್ತಂಗಾ?”

ಅಮ್ಮ ಮತ್ತೆ ಮೊರ ಎಳೆದುಕೊಂಡಳು. ಬಿಡಿಸಿದ ಸೊಪ್ಪೆಲ್ಲ ಕಸದ ಕಡೆಗೂ ಕಸವೆಲ್ಲ ಸೊಪ್ಪಿನ ಕಡೆಗೂ ಬೀಳುತ್ತಿತ್ತು.

ಭಾನುವಾರ ಮಧ್ಯಾಹ್ನ ಕಾಫಿ ಕುಡಿಯುತ್ತಿದ್ದ ಅನಂತಪದ್ಮನಾಭನಿಗೆ ಕಮಲ ಎಲ್ಲವನ್ನೂ ಹೇಳಿದಳು. ಅವನು ಲೋಟವನ್ನು ಕೆಳಗಿಡುವುದನ್ನೇ ಮರೆತ.

“ನೀನು? ಖೋ ಖೋ? ಬಸ್ಸು ಹೊರಟ್ರೂ ಓಡಲ್ಲವಲ್ಲೇ ನೀನು!”

“ಓಡಿದ್ರೆ ಚೆನ್ನಾಗಿ ಓಡ್ಬಿಡ್ತೀನಿ ಅಂತ ಭಯ.”

ಅವನು ನಗಲು ಹೋಗಿ ನಿಲ್ಲಿಸಿದ. “ರಂಜನಿ,” ಎಂದ ಮೆಲ್ಲಗೆ. ಹೊಸ ಹಲ್ಲುಸೆಟ್ಟು ಹಾಕಿಕೊಂಡವನು ಮಾತಾಡಿ ನೋಡುವ ಹಾಗಿತ್ತು ಅದು. “ಹೋಗಿ ಏನು ಮಾಡ್ತೀಯ? ಅಲ್ಲಿ ಎದ್ದು ನಿಂತು ಹೇಳಿದ್ರೆ ನಿಮ್ಮಮ್ಮ ಈ ವಯಸ್ಸಲ್ಲಿ ತಡ್ಕೋತಾರಾ?”

“ಗೊತ್ತಿಲ್ಲ. ಹೇಳದೆ ಬಂದ್ರೆ ನಾನು ತಡ್ಕೋತೀನಾ ಅಂತಾನೂ ಗೊತ್ತಿಲ್ಲ. ನೀವು ಮನೇಲಿ ಅಮ್ಮನ ಜೊತೆ ಇರಿ.”

ಹೊರಡುವಾಗ ಅಮ್ಮನ ಕೋಣೆಯ ಬಾಗಿಲು ಮುಚ್ಚಿತ್ತು.

ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ಅಂಗಡಿಯವರೆಲ್ಲ ಬಾಗಿಲು ಎಳೆದು ಮನೆಮಂದಿಯೊಂದಿಗೆ ಬಂದಿದ್ದರು. ಸಂಘದ ಹುಡುಗಿಯರು ಕೆಂಪು ಜೆರ್ಸಿ ತೊಟ್ಟು ಸಾಲಾಗಿ ಕೂತಿದ್ದರು. ವೇದಿಕೆಯ ಮೇಲೆ ಹಳೆಯ ತಂಡದವರಿಗೆ ಒಬ್ಬೊಬ್ಬರಿಗೇ ಮೈಸೂರು ಪೇಟ ತೊಡಿಸಿ ಶಾಲು ಹೊದಿಸಿದರು. ಹೆಂಗಸರ ತಲೆಯ ಮೇಲೆ ಪೇಟ ನೋಡಿ ಜನ ಶಿಳ್ಳೆ ಹಾಕಿದರು. ಮಂಜುಳಮ್ಮನ ಪೇಟ ಕಣ್ಣಿನ ತನಕ ಇಳಿದಿತ್ತು. ಅವಳು ಅದನ್ನು ಹಿಂದಕ್ಕೆ ತಳ್ಳಿ, ಮೀಸೆ ತಿರುವುವಂತೆ ಮಾಡಿ, ಬೀದಿಯನ್ನೇ ನಗಿಸಿದಳು. ಕೊನೆಯ ಸಾಲಿನಲ್ಲಿ ಕೂತಿದ್ದ ಕಮಲಳೂ ನಕ್ಕಳು. ಇದು ತನ್ನ ಬೀದಿ, ತನ್ನ ಕಪ್ಪು. ಈ ಜನರ ಹೆಮ್ಮೆಯಲ್ಲಿ ತನ್ನದೊಂದು ಪಾಲಿದೆ, ಆದರೆ ಅದನ್ನು ಮುಟ್ಟಬೇಕಾದರೆ ಸತ್ತಿರಬೇಕು. ಸುಮ್ಮನೆ ನೋಡಿ ಹೋಗಿಬಿಡಲೇ? ಅಮ್ಮ ಉಳಿಯುತ್ತಾಳೆ. ಈ ಹುಡುಗಿಯರಿಗೆ ಮುಟ್ಟಿ ಹೋಗಲು ಫೋಟೋ ಉಳಿಯುತ್ತದೆ.

ಮಂಜುಳಮ್ಮನ ಗಂಡ ರುದ್ರಸ್ವಾಮಿ ಮೈಕು ಹಿಡಿದ. “ಈಗ, ನಮ್ಮನ್ನಗಲಿದ ನಮ್ಮ ಹೆಮ್ಮೆಯ ಆಟಗಾರ್ತಿ ಕುಮಾರಿ ರಂಜನಿಯವರ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಎದ್ದು ನಿಂತು ಮೌನಾಚರಣೆ ಮಾಡಬೇಕು ಅಂತ ಕೇಳ್ಕೋತೀನಿ.”

ಕುರ್ಚಿಗಳು ಕಿರುಗುಟ್ಟಿದವು. ಬೀದಿಗೆ ಬೀದಿಯೇ ಎದ್ದು ತಲೆ ಬಾಗಿಸಿತು. ಕಮಲಳೂ ಏಳಲು ಹೊರಟಳು. ನಾಲ್ಕು ಜನರೊಡನೆ ಏಳುವುದು ಅವಳಿಗೆ ಅಭ್ಯಾಸವಾಗಿತ್ತು. ಆದರೆ ಕಾಲು ಏಳಲಿಲ್ಲ. ಪಕ್ಕದ ಗಂಡಸು ಕಣ್ಣಲ್ಲೇ ಗದರಿದ. ಮುಂದಿನ ಸಾಲಿನ ಹುಡುಗಿಯರು ತಿರುಗಿ ನೋಡಿದರು. ಅವಳು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕೂತೇ ಇದ್ದಳು.

ಮೌನ ಮುರಿದವಳು ಮಂಜುಳಮ್ಮ. ಪೇಟ ಸಮೇತ ವೇದಿಕೆಯಿಂದ ಇಳಿದು ಕುರ್ಚಿಗಳ ನಡುವೆ ದಾಪುಗಾಲು ಹಾಕುತ್ತ ಬಂದಳು. “ಏಳಮ್ಮ ಮೇಲೆ! ಸತ್ತೋರಿಗೆ ಒಂದು ಗಳಿಗೆ ಮರ್ಯಾದೆ ಕೊಡಕ್ಕಾಗಲ್ವಾ? ಮಂಡಿ ನೋವಾ?”

“ಮಂಡಿ ಚೆನ್ನಾಗಿದೆ,” ಎಂದಳು ಕಮಲ. “ನನಗೋಸ್ಕರ ನಾನೇ ಹೆಂಗೆ ಏಳ್ಲಿ, ಮಂಜಿ?”

ಆ ಹೆಸರಿನಿಂದ ಮಂಜುಳಮ್ಮನನ್ನು ಕರೆಯುವವರು ಹಳೆಯ ತಂಡದ ಹೊರಗೆ ಯಾರೂ ಇರಲಿಲ್ಲ. ಅವಳು ಬಾಗಿ ನೋಡಿದಳು. ಕಮಲ ಕನ್ನಡಕ ತೆಗೆದಳು. ಮಂಜುಳಮ್ಮ ಕೈಯಿಂದ ಗಾಳಿಯಲ್ಲಿ ಏನನ್ನೋ ಹುಡುಕಿ, ಕೊನೆಗೆ ಸಿಕ್ಕ ಪಕ್ಕದ ಖಾಲಿ ಕುರ್ಚಿಯ ಮೇಲೆ ಕುಸಿದಳು.

“ನಿಮ್ಮಮ್ಮ...” ಎಂದಳು. ಪೇಟವನ್ನು ಹಿಂದಕ್ಕೆ ತಳ್ಳಿ ಮತ್ತೆ ಶುರು ಮಾಡಿದಳು. “ನಿಮ್ಮಮ್ಮ ಬಾಗಿಲಲ್ಲಿ ನಿಂತು... ನನ್ನ ಮುಖ ನೋಡ್ಕೊಂಡು ಹೇಳಿದ್ರು ಕಣೇ. ಬೇರೆ ಯಾರೋ ಹೇಳಿದ್ದಾ? ನಾನು ತಪ್ಪು ತಿಳ್ಕೊಂಡ್ನಾ?”

ಸುತ್ತ ತಲೆಗಳು ಹತ್ತಿರ ಬಂದಿದ್ದವು. ಹೌದು, ನೀನೇ ತಪ್ಪು ತಿಳಿದೆ ಎಂದರೆ ಮುಗಿಯಿತು. ಅಮ್ಮನಿಗೆ ಏನೂ ಆಗುವುದಿಲ್ಲ. ಮಂಜಿ ತನ್ನನ್ನೇ ಬೈದುಕೊಂಡು ಉಳಿದ ದಿನ ಕಳೆಯುತ್ತಾಳೆ.

“ನಿಂದೇನೂ ತಪ್ಪಿಲ್ಲ. ಅಮ್ಮಾನೇ ಹೇಳಿದ್ದು,” ಎಂದಳು ಕಮಲ. ತನ್ನ ದನಿ ಇಷ್ಟು ದೊಡ್ಡದು ಎಂದು ಅವಳಿಗೇ ಗೊತ್ತಿರಲಿಲ್ಲ. “ಇದಾರೆ ಅಮ್ಮ, ನಮ್ಮನೇಲೇ. ನಾಳೆ ಬಾ. ಬೈಬೇಕು ಅಂದ್ರೆ ಬೈಯಿ. ಆದ್ರೆ ನಾಳೆ ಸೋಮವಾರ, ಅವರದು ಒಪ್ಪತ್ತು. ಊಟ ಆದ್ಮೇಲೆ ಬೈಯಿ.”

ಮಂಜುಳಮ್ಮ ಅಳುತ್ತಿದ್ದಳೋ ಬೈಯುತ್ತಿದ್ದಳೋ, ಪೇಟ ಮುಖದ ಮೇಲೆ ಜಾರಿದ್ದರಿಂದ ತಿಳಿಯಲಿಲ್ಲ. ಅವಳ ಕೈ ಮಾತ್ರ ಕಮಲಳ ರಟ್ಟೆಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿತ್ತು.

ವೇದಿಕೆಯ ಮೇಲೆ ರುದ್ರಸ್ವಾಮಿಗೆ ಏನೂ ಅರ್ಥವಾಗಿರಲಿಲ್ಲ. ಅವನು ಮೈಕಿಗೆ ಎರಡು ಸಲ ತಟ್ಟಿ, “ಮೌನಾಚರಣೆ ಮುಗೀತು, ದಯವಿಟ್ಟು ಎಲ್ಲರೂ ಕೂತ್ಕೊಳ್ಳಿ,” ಎಂದ.

ಯಾರೂ ಕೂರಲಿಲ್ಲ.