ಆರ್ಥರನ ನಾನ್ನೂರು ಪ್ರಶ್ನೆಗಳು

ನನ್ನ ತಮ್ಮ ಆರ್ಥರ್ ವಿಮಾನ ಕಂಪನಿಯ ಪೈಲಟ್ ಆಯ್ಕೆಯಲ್ಲಿ ಫೇಲಾದದ್ದು ಯಾಕೆಂದು ನನಗೆ ತಿಳಿದದ್ದು ಒಂದು ವರ್ಷದ ನಂತರ, ೧೯೮೬ರಲ್ಲಿ, ಅವನಿಗೆ ಎರಡನೆಯ ಕರೆ ಬಂದಾಗ. ಅಲ್ಲಿಯವರೆಗೆ ಕೇಳಿರಲಿಲ್ಲ. ಕೇಳದೆ ಬಿಡುವುದು ನನ್ನ ಸ್ವಭಾವವಲ್ಲ. ಆದರೆ ಪರೀಕ್ಷೆ ಮುಗಿಸಿ ಬೊಂಬಾಯಿಯಿಂದ ಹಿಂತಿರುಗಿದ ದಿನದ ಅವನ ಮುಖ ನೋಡಿ ಧೈರ್ಯ ಬಂದಿರಲಿಲ್ಲ.

ಅವನು ಬೆಂಗಳೂರಿನಲ್ಲಿ ಹಾರಾಟ ಕಲಿತು ಲೈಸೆನ್ಸು ಪಡೆದವನು. ಗಣಿತ, ಇಂಗ್ಲಿಷು, ಹವಾಮಾನ ಎಲ್ಲದರಲ್ಲೂ ಪಾಸಾಗಿದ್ದ. ಕಂಪನಿಯಿಂದ ಬಂದ ಕಾಗದದಲ್ಲಿದ್ದದ್ದು ಒಂದೇ ಸಾಲು: ಮನಶ್ಶಾಸ್ತ್ರೀಯ ಪರೀಕ್ಷೆಯಲ್ಲಿ ಸೂಕ್ತರೆಂದು ಕಂಡುಬಂದಿಲ್ಲ. ಅಮ್ಮ ಆ ಕಾಗದವನ್ನು ಬಟ್ಟೆಗಳ ಅಡಿಯಲ್ಲಿಟ್ಟರು. ನಮ್ಮ ಮಣ್ಣಗುಡ್ಡ ಕೇರಿಯಲ್ಲಿ ಅಂಥ ಸಾಲಿಗೆ ಒಂದೇ ಅರ್ಥ, ಹುಡುಗನ ತಲೆ ಸರಿಯಿಲ್ಲ. ಈ ಸಲವೂ ಬಿದ್ದರೆ ಮತ್ತೆ ಕರೆಯುವುದಿಲ್ಲವೆಂದು ಕಂಪನಿ ಸ್ಪಷ್ಟವಾಗಿ ಬರೆದಿತ್ತು.

"ಅದರಲ್ಲಿ ಎಂತೆಂತ ಕೇಳಿದ್ರು, ಹೇಳು," ಎಂದೆ, ಅವನು ಹೊರಡಲು ಹತ್ತು ದಿನವಿರುವಾಗ.

"ನಾನ್ನೂರು ಉಂಟು ಅಕ್ಕ. ಎಲ್ಲ ನೆನಪಿಲ್ಲ."

"ನೆನಪಿದ್ದದ್ದು ಹೇಳು."

"ಕೆಲವು ಸಲ ಒಬ್ಬರಿಗೆ ಪೆಟ್ಟು ಕೊಡಬೇಕೆಂದು ನನಗೆ ಅನಿಸುತ್ತದೆ. ಹೀಗೆ ಬರೆದಿರ್ತದೆ. ಹೌದು, ಅಲ್ಲ, ಯಾವುದಾದ್ರೂ ಒಂದಕ್ಕೆ ಗುರುತು ಹಾಕ್ಬೇಕು."

"ನೀನು?"

"ಹೌದು ಹಾಕಿದೆ."

"ಯಾರಿಗೆ ಪೆಟ್ಟು ಕೊಟ್ಟಿದ್ದಿ ನೀನು?"

"ಕೊಡ್ಲಿಲ್ಲ. ಅನಿಸಿದ್ದುಂಟಲ್ಲ."

ಬೇರೆಯವರ ವಸ್ತು ಕದಿಯುವ ಯೋಚನೆ ಬಂದಿದೆಯೇ? ಹೌದು. ಎತ್ತರದಿಂದ ಕೆಳಗೆ ಹಾರಬೇಕೆಂದು ಅನಿಸಿದೆಯೇ? ಅದಕ್ಕೂ ಹೌದು. ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. "ಇದು ಯಾವಾಗ?"

"ಸುಲ್ತಾನ್ ಬತ್ತೇರಿ ಬುರುಜಿನ ಮೇಲೆ ನಿಂತಾಗ ಒಮ್ಮೆ. ಏಳನೇ ಕ್ಲಾಸಲ್ಲಿ."

"ಏಳನೇ ಕ್ಲಾಸಿನದ್ದನ್ನು ಪೈಲಟ್ ಪರೀಕ್ಷೆಯಲ್ಲಿ ಯಾರು ಹೇಳ್ತಾರೆ ಮಾರಾಯ?"

"ಸಂದೇಹ ಬಂದ್ರೆ ಹೌದು ಹಾಕಿದೆ. ಮುಚ್ಚಿಡುದು ಅಲ್ವಾ ಅಕ್ಕ ದೊಡ್ಡ ಪಾಪ?"

ಆಗ ಅರ್ಥವಾಯಿತು. ಇವನು ಅಲ್ಲಿ ಕೂತು ಪರೀಕ್ಷೆ ಬರೆದಿರಲಿಲ್ಲ, ಕುಮ್ಸಾರ್ ಮಾಡಿದ್ದ. ಏಳನೆಯ ವಯಸ್ಸಿನಿಂದ ಪ್ರತಿ ಶನಿವಾರ ಇಗರ್ಜಿಯಲ್ಲಿ ಪಾದ್ರಿಯ ಮುಂದೆ ಮೊಣಕಾಲೂರಿ, ಮಾಡಿದ ಪಾಪ ಮಾತ್ರವಲ್ಲ, ಮನಸ್ಸಿನಲ್ಲಿ ಸುಳಿದು ಹೋದದ್ದನ್ನೂ ಹುಡುಕಿ ಹುಡುಕಿ ಹೇಳಿ ಬೆಳೆದವನು. ಹಾಗೆ ಹುಡುಕಲು ಕಲಿಸಿದವಳು ನಾನೇ. ಮೊದಲ ಕುಮ್ಸಾರಿನ ಹಿಂದಿನ ದಿನ, ಹೇಳಲು ಪಾಪವೇ ಇಲ್ಲವೆಂದು ಅವನು ಅತ್ತಾಗ, ನನ್ನವೇ ನಾಲ್ಕು ಪಾಪಗಳನ್ನು ಕೊಟ್ಟು ಬಾಯಿಪಾಠ ಮಾಡಿಸಿದ್ದೆ.

ನಾನು ಹೈಸ್ಕೂಲಿನಲ್ಲಿ ಕಲಿಸುವವಳು. ಮಕ್ಕಳನ್ನು ಪರೀಕ್ಷೆಗೆ ತಯಾರು ಮಾಡುವುದು ನನಗೆ ಗೊತ್ತು, ಅಥವಾ ಗೊತ್ತೆಂದು ತಿಳಿದಿದ್ದೆ. ಅವನ ನೆನಪಿನಿಂದ ಅರುವತ್ತು ಪ್ರಶ್ನೆಗಳನ್ನು ಹೊರತೆಗೆದು ಹಾಳೆಯ ಎಡಕ್ಕೆ ಬರೆದೆ. ಬಲಕ್ಕೆ ಉದ್ದಕ್ಕೂ ಒಂದೇ ಉತ್ತರ.

"ನಿನಗೆ ಸಿಟ್ಟು ಬರುದುಂಟಾ?"

"ಅಲ್ಲ."

"ಹೆದರಿಕೆ?"

"ಅಲ್ಲ."

"ಸುಳ್ಳು ಹೇಳಿದ್ದುಂಟಾ?"

ಅವನು ನನ್ನನ್ನು ನೋಡಿದ. "ಅಲ್ಲ ಅಂದ್ರೆ ಅದೇ ಸುಳ್ಳಾಯ್ತಲ್ಲ ಅಕ್ಕ?"

"ಇದು ಪರೀಕ್ಷೆ. ಕುಮ್ಸಾರ್ ಅಲ್ಲ."

ನಾಲ್ಕೈದು ದಿನಗಳಲ್ಲಿ ಅವನು ಪಳಗಿದ. ಮೀನಿನ ಸಾರು ಬಡಿಸಿಕೊಳ್ಳುತ್ತಲೇ "ಅಲ್ಲ" ಎನ್ನುತ್ತಿದ್ದ. ಅಮ್ಮ ನಕ್ಕರು. "ಇವನನ್ನು ಸಂತ ಮಾಡಿಬಿಟ್ಟಿ ಮಾರಾಯ್ತಿ. ಇಗರ್ಜಿಯ ಅಲ್ತಾರಿನ ಮೇಲೆ ನಿಲ್ಲಿಸುದು ಮಾತ್ರ ಬಾಕಿ." ನಾನು ನಗಲಿಲ್ಲ. ಉಳಿದ ಮುನ್ನೂರ ನಲವತ್ತು ಪ್ರಶ್ನೆಗಳಲ್ಲಿ ಏನಿರಬಹುದೆಂದು ಯೋಚಿಸುತ್ತಿದ್ದೆ.

ಅವನು ಹೊರಟ ಮಧ್ಯಾಹ್ನ, "ಯಾರೂ ಬರುದು ಬೇಡ, ನಾನು ಮಗುವಾ?" ಎಂದು ಪೆಟ್ಟಿಗೆ ಹಿಡಿದು ಒಬ್ಬನೇ ಬಿಜೈ ನಿಲ್ದಾಣಕ್ಕೆ ಬೊಂಬಾಯಿಯ ಬಸ್ಸು ಹತ್ತಲು ಹೋದ. ಸ್ವಲ್ಪ ಹೊತ್ತಿಗೆ ನೆರೆಮನೆಯ ಜೋನ್ ಡ್ಯೂಟಿ ಮುಗಿಸಿ ನಮ್ಮ ಜಗಲಿಗೆ ಬಂದಳು. ಆಸ್ಪತ್ರೆಯ ಮಾನಸಿಕ ರೋಗಿಗಳ ವಾರ್ಡಿನಲ್ಲಿ ಅವಳು ನರ್ಸು. ಅಷ್ಟು ದಿನ ಅವಳಿಗೆ ಈ ವಿಷಯ ಹೇಳಲು ನಾಚಿಕೆಯಾಗಿತ್ತು. ಅವನು ಹೊರಟಾಯಿತಲ್ಲ ಎಂಬ ನಿರಾಳದಲ್ಲಿ ಹೇಳಿಬಿಟ್ಟೆ.

ಜೋನ್ ಚಪ್ಪಲಿ ಬಿಚ್ಚುವುದನ್ನು ನಿಲ್ಲಿಸಿದಳು. "ಎಲ್ಲದಕ್ಕೂ ಅಲ್ಲ ಅಂತ ಹೇಳಿಸಿದ್ಯಾ? ಅಯ್ಯೋ ದೇವಾ, ಗ್ಲ್ಯಾಡಿಸ್! ಅಂಥ ಪೇಪರಲ್ಲಿ ಸಂತರನ್ನು ಹಿಡಿಯುದಕ್ಕೇ ಅಂತ ಪ್ರಶ್ನೆಗಳುಂಟು. ಸಿಟ್ಟೇ ಬರುದಿಲ್ಲ, ಸುಳ್ಳೇ ಹೇಳಿಲ್ಲ ಅಂದವನನ್ನು ಸುಳ್ಳುಗಾರ ಅಂತ ಬರೀತಾರೆ. ನಮ್ಮ ಡಾಕ್ಟ್ರು ಮೊದಲು ನೋಡುದೇ ಅದನ್ನು."

ರಸ್ತೆಗೆ ಓಡಿ ರಿಕ್ಷಾ ಹಿಡಿದು ಬಿಜೈಗೆ ಹೊರಟೆ. ಹಾದಿಯುದ್ದಕ್ಕೂ, ಬಸ್ಸು ತಡವಾಗಲಿ ಎಂದು ಹರಕೆ ಹೇಳಿಕೊಂಡೆ.

ಬೊಂಬಾಯಿಯ ಬಸ್ಸು ನಿಂತಲ್ಲೇ ಗಡಗಡಿಸುತ್ತಿತ್ತು. ಆರ್ಥರ್ ಕಿಟಕಿಯ ಪಕ್ಕ ಕೂತಿದ್ದ. ತೊಡೆಯ ಮೇಲೆ ನನ್ನ ಹಾಳೆ, ತುಟಿಗಳು ಅಲ್ಲಾಡುತ್ತಿದ್ದವು.

"ಅದನ್ನು ಕೊಡು ಇಲ್ಲಿ," ಎಂದು ಕಿಟಕಿಯ ಸರಳು ಹಿಡಿದೆ.

"ಎಂತಾಯ್ತು? ಅಮ್ಮ ಹುಷಾರಿದ್ದಾರಾ?"

"ಅಮ್ಮನಿಗೆ ಎಂತ ಇಲ್ಲ. ಇದೆಲ್ಲ ತಪ್ಪು, ಆರ್ತು. ಎಲ್ಲದಕ್ಕೂ ಅಲ್ಲ ಅಂದ್ರೆ ಹಿಡೀತಾರಂತೆ. ಜೋನ್ ಹೇಳಿದ್ಳು."

"ಹಾಗಾದ್ರೆ ಯಾವುದಕ್ಕೆ ಹೌದು?"

ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಅಕ್ಕ, ನೀವು ಬರುದುಂಟಾ? ಇಲ್ಲದಿದ್ರೆ ಕೈ ತೆಗೀರಿ," ಎಂದ.

"ಯಾವುದಕ್ಕೆ ಹೌದು ಅಕ್ಕ? ಬೇಗ ಹೇಳು."

ಸಿಟ್ಟಿಗೆ ಹೌದು ಎನ್ನಬಹುದು. ಕಳವಿಗೆ ಬೇಡ. ಹೆದರಿಕೆಗೆ? ನೂರು ಜನರನ್ನು ಕೂರಿಸಿಕೊಂಡು ಹಾರುವವನು ಹೆದರಿಕೆಯಿದೆ ಎಂದರೆ ಒಪ್ಪುತ್ತಾರೆಯೇ, ಇಲ್ಲವೆಂದರೆ ನಂಬುತ್ತಾರೆಯೇ?

"ನನಗೆ ಗೊತ್ತಿಲ್ಲ," ಎಂದೆ.

ಈ ಮಾತನ್ನು ಅವನಿಗೆ ನಾನು ಹಿಂದೆಂದೂ ಹೇಳಿದ ನೆನಪಿಲ್ಲ. ಅವನು ಹಾಳೆಯನ್ನು ನನ್ನ ಕೈಗೆ ಕೊಟ್ಟ. ಬಸ್ಸು ತಿರುಗಿ ರಸ್ತೆಗಿಳಿಯಿತು. ಅವನ ಮುಖದಲ್ಲಿ ಇದ್ದದ್ದು ಗಾಬರಿಯೋ ಬೇರೇನೋ ನನಗೆ ತಿಳಿಯಲಿಲ್ಲ.

ನಾಲ್ಕನೆಯ ದಿನ ಜೋನಳ ಮನೆಗೆ ಟ್ರಂಕ್ ಕಾಲ್ ಬಂತು.

"ಪೇಪರ್ ಆಯ್ತು ಅಕ್ಕ. ಆಮೇಲೆ ಒಬ್ರು ಡಾಕ್ಟ್ರು ಎದುರು ಕೂರಿಸಿ ಮಾತಾಡಿದ್ರು. ಕಳೆದ ವರ್ಷದ ಪೇಪರ್ ಅವರ ಮೇಜಲ್ಲಿ ಉಂಟು!"

"ಅಯ್ಯೋ. ಎಂತ ಕೇಳಿದ್ರು?"

"ಪೆಟ್ಟು ಕೊಡಬೇಕು ಅಂತ ಬರೆದಿದ್ದೀರಲ್ಲ, ಯಾರಿಗೆ, ಅಂತ."

"ನೀನೆಂತ ಹೇಳಿದೆ?"

"ನನ್ನ ಅಕ್ಕನಿಗೆ, ಅಂದೆ."

ಜೋನ್ ನನ್ನನ್ನೇ ನೋಡುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಿದೆ.

"ಯಾಕೆ ಅಂದ್ರು. ನನ್ನ ಉತ್ತರ ಎಲ್ಲ ಅವಳೇ ಹೇಳಿಕೊಡುದು, ಅದಕ್ಕೆ ಅಂದೆ. ಈ ವರ್ಷದ್ದೂ ಅವರೇ ಹೇಳಿಕೊಟ್ಟದ್ದಾ ಅಂತ ಕೇಳಿದ್ರು. ಇಲ್ಲ, ಈ ವರ್ಷ ಅವಳಿಗೂ ಗೊತ್ತಿರ್ಲಿಲ್ಲ ಅಂದೆ."

"ಅದಕ್ಕೆ ಅವರು?"

"ಬರ್ಕೊಂಡ್ರು."

"ಎಂತ ಬರ್ಕೊಂಡ್ರು ಆರ್ತು?"

ಟ್ರಂಕ್ ಕಾಲಿನ ಮೂರು ನಿಮಿಷ ಮುಗಿದಿತ್ತು. ಲೈನು ಕಡಿಯಿತು.

ಅವನು ಊರಿಗೆ ಬಂದ ಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಮೂರು ವಾರ ನಾನು ಅಂಚೆಯವನ ಸೈಕಲ್ ಗಂಟೆಗೆ ಕಿವಿಗೊಟ್ಟು ಕೂತೆ. ನಮ್ಮ ಮನೆಗೆ ಬರುವ ಕಾಗದಗಳನ್ನೆಲ್ಲ ಒಡೆಯುವವಳು ನಾನು. ಕಂಪನಿಯ ಕವರು ಬಂದಾಗ ಅದನ್ನು ಮಾತ್ರ ಒಡೆಯದೆ ಊಟದ ಮೇಜಿನ ಮೇಲಿಟ್ಟು, ಉಳ್ಳಾಲಕ್ಕೆ ಹೋಗಿದ್ದ ಅವನು ಬರುವವರೆಗೆ ಅದರ ಎದುರೇ ಕೂತೆ. ಕವರು ತೆಳ್ಳಗಿತ್ತು. ಬೆಳಕಿಗೆ ಹಿಡಿದರೆ ಓದಲು ಸಿಗುತ್ತಿತ್ತೋ ಏನೋ.

ಆರ್ಥರ್ ಬಂದು ಕೈ ತೊಳೆದು, ಕವರು ಒಡೆದು, ನಿಂತೇ ಎರಡು ಸಲ ಓದಿದ.

"ಪಾಸು," ಎಂದ. "ಹದಿನಾಲ್ಕನೇ ತಾರೀಕಿಗೆ ಮೆಡಿಕಲ್ ಟೆಸ್ಟ್."

ಅಮ್ಮ ಶಿಲುಬೆಯ ಗುರುತು ಮಾಡಿಕೊಂಡು ಅಳತೊಡಗಿದರು. ನನಗೂ ಅಳು ಬರಬೇಕಿತ್ತು. ಆದರೆ ನನ್ನ ತಲೆ ಆಗಲೇ ಮೆಡಿಕಲ್ಲಿಗೆ ಹೋಗಿತ್ತು. ಕಣ್ಣು ನೋಡುತ್ತಾರೆ. ಸಣ್ಣಂದಿನಿಂದಲೂ ಧೂಳು ತಾಗಿದರೆ ಸಾಕು, ಅವನ ಎಡಗಣ್ಣಲ್ಲಿ ನೀರು ಸುರಿಯುತ್ತದೆ. ಕೇಳಿದರೆ ಇವನು ಹೇಳಿಬಿಡುತ್ತಾನೆ.

"ಆರ್ತು," ಎಂದೆ.

"ಎಂತ?"

"ಎಂತ ಇಲ್ಲ. ಗಂಜಿ ತಣ್ಣಗಾಗ್ತದೆ."

ಅವನು ಕಾಗದ ಮಡಚಿ ಕಿಸೆಗಿಟ್ಟು, ಕುರ್ಚಿ ಎಳೆದು ಊಟಕ್ಕೆ ಕೂತ.