ನೀಲಿ ಬಳಿದ ಶೆಲ್ಲುಗಳು

ಕ್ಯಾಂಪ್ ಹಾರ್ಲೋ ಮುಚ್ಚಿದಾಗ ಸೈನ್ಯ ತನಗೆ ಬೇಕಾದದ್ದನ್ನೆಲ್ಲ ಹೊತ್ತುಕೊಂಡು ಹೋಯಿತು. ಬೇಡವಾಗಿ ಉಳಿದವುಗಳಲ್ಲಿ ವರ್ನಾ ಹ್ಯಾಕೆಟ್ ಕೂಡ ಒಬ್ಬಳು. ಅಲ್ಲಿನ ಅಡುಗೆಮನೆಯಲ್ಲಿ ಸೈನಿಕರಿಗೆ ಮೊಟ್ಟೆ ಹುರಿದು ಹಾಕುತ್ತಲೇ ತಲೆ ನರೆತವಳು, ಅಲ್ಲಿನ ಮರದ ಚರ್ಚಿನಲ್ಲೇ ಓರ್ವಿಲ್‌ನನ್ನು ಮದುವೆಯಾದವಳು. ಬ್ಯಾರಕ್ಕುಗಳು ಹೋದವು, ಆಸ್ಪತ್ರೆ ಹೋಯಿತು, ನೀರಿನ ಟ್ಯಾಂಕು ಗುಜರಿಗೆ ಹೋಯಿತು. ಉಳಿದದ್ದು ಆ ಚರ್ಚು ಒಂದೇ. ಓರ್ವಿಲ್ ಸತ್ತ ಮೇಲೆ ವರ್ನಾ ಹಟ ಹಿಡಿದು ಅದನ್ನು ಮ್ಯೂಸಿಯಂ ಮಾಡಿದ್ದಳು. ಶನಿವಾರದ ಮ್ಯೂಸಿಯಂ ಕಾರ್ಯಕ್ರಮಕ್ಕೆ ಜನ ಬಂದರೆ ಸರಿ, ಇಲ್ಲದಿದ್ದರೆ ಆ ಜಾಗಕ್ಕೂ ಗೋದಾಮು ಬರುತ್ತದೆ ಎಂದು ಕೌಂಟಿ ಆಡಳಿತದವರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

ಶುಕ್ರವಾರ ಮಧ್ಯಾಹ್ನ ಗಾಳಿ ಸತ್ತುಬಿದ್ದಿತ್ತು. ಚರ್ಚಿನೊಳಗೆ ರಾಸ್ಕೋ ಟೀಗ್ ಮಂಡಿಯೂರಿ ಕೂತು ಅಲ್ಲಿ ಇಲ್ಲಿ ಒಟ್ಟುಮಾಡಿದ ಎಂಟು ಫಿರಂಗಿ ಶೆಲ್ಲುಗಳಿಗೆ ನೀಲಿ ಬಣ್ಣ ಬಳಿದು ಮುಗಿಸಿದ್ದ. ಹಳೆಯ ಸಾರ್ಜೆಂಟ್, ಫಿರಂಗಿಯ ಪಕ್ಕ ನಿಂತೂ ನಿಂತೂ ಕಿವಿ ಕಳೆದುಕೊಂಡವನು. ಅಲುಗಾಡಿದರೆ ಸೆಲ್ಯೂಟ್ ಹೊಡಿ, ಅಲುಗಾಡದಿದ್ದರೆ ಬಣ್ಣ ಹೊಡಿ ಎನ್ನುವುದು ಸೈನ್ಯದ ವೇದವಾಕ್ಯ. ರಾಸ್ಕೋ ಅದನ್ನು ಮನೆಗೂ ತಂದಿದ್ದ. ಊರಿನ ರೈತರು ಹೊಲದಲ್ಲಿ ಸಿಕ್ಕ ಕ್ಯಾಂಪಿನ ಹಳೆಯ ಶೆಲ್ಲು ತಂದರೆ ತುಕ್ಕು ಉಜ್ಜಿ, ನೀಲಿ ಬಳಿದು, ಅಂದವಾಗಿ ವಾಪಸು ಕೊಡುತ್ತಿದ್ದ. ಕೂಲಿ ಒಂದು ತುಂಡು ಸೇಬಿನ ಪೈ.

"ನೀಲಿ ಯಾಕೆ ಅಂತ ಬೋರ್ಡಲ್ಲಿ ಬರೀಬೇಕಲ್ಲ," ಎಂದು ವರ್ನಾ ಕಿರುಚಿ ಕೇಳಿದಳು.

"ನೀಲಿ ಅಂದ್ರೆ ಅಭ್ಯಾಸದ್ದು, ಒಳಗೆ ಮದ್ದಿಲ್ಲ ಅಂತ, ಕರ್ನಲಮ್ಮ. ಇಷ್ಟು ವರ್ಷ ಸೈನಿಕರ ಹೊಟ್ಟೆ ಕೆಡಿಸಿದೀಯ, ಇಷ್ಟೂ ಗೊತ್ತಿಲ್ವಾ?"

"ನನ್ನ ಬಾಗಿಲಿಂದು ಯಾವುದು ಇದರಲ್ಲಿ?"

"ಎಲ್ಲಾ ಒಂದೇ ಥರ ಕಾಣ್ಬೇಕು ಅಂದೋಳು ನೀನೇ. ಈಗ ನನ್ನ ಕೇಳ್ತೀಯ." ಅವನು ಡ್ರಿಲ್ ಕೈಗೆತ್ತಿಕೊಂಡ. ಶಾಲೆಯ ಮಕ್ಕಳು ಮುಟ್ಟಿ ನೋಡುವಾಗ ಉರುಳದಂತೆ ಒಂದೊಂದಕ್ಕೂ ತೂತು ಕೊರೆದು ಹಲಗೆಗೆ ಬಿಗಿಯುವ ಕೆಲಸ ಬಾಕಿ ಇತ್ತು.

ಬಾಗಿಲಿನ ಶೆಲ್ಲು ಓರ್ವಿಲ್ ತಂದದ್ದು. ಚರ್ಚಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿದ್ದುದರಿಂದ ವರ್ನಾ ಅದನ್ನು ಅಡ್ಡ ಇಟ್ಟು, ದಿನಾ ಬೆಳಿಗ್ಗೆ ಕಾಲಲ್ಲೇ ತಳ್ಳಿ ಸರಿಮಾಡುತ್ತಿದ್ದಳು.

ಅವಳು ಗಾಳಿಗೆಂದು ಹೊರಗೆ ಬಂದಾಗ ಡೂಯಿಯ ಪಿಕಪ್ ಬಂದು ನಿಂತಿತು. ಡೂಯಿ ಓರ್ವಿಲ್‌ನ ಗೆಳೆಯ, ಪಕ್ಕದ ಹೊಲದವನು. ಅವನ ಮುಖ ಸುಣ್ಣ ಬಳಿದಂತಿತ್ತು.

"ನನ್ನ ಒಲೆ ಪಕ್ಕ ಇಟ್ಟಿದ್ನಲ್ಲ ಶೆಲ್ಲು, ಅಳಿಯ ಪೊಲೀಸರಿಗೆ ಫೋನ್ ಮಾಡ್ಬಿಟ್ಟ. ಬಾಂಬ್‌ನವರು ಬಂದು ಕಲ್ಲುಕ್ವಾರಿಗೆ ತಗೊಂಡು ಹೋಗಿ ಸಿಡಿಸಿದ್ರು. ಟ್ರ್ಯಾಕ್ಟರ್ ಹೂತಾಕೋವಷ್ಟು ಗುಂಡಿ ಬಿತ್ತು, ವರ್ನಾ."

"ಅದು ಅಭ್ಯಾಸದ್ದಲ್ವಾ? ನೀಲಿ ಇತ್ತಲ್ಲ."

"ನೀಲಿ ಬಳ್ದಿದ್ದು ರಾಸ್ಕೋ. ನೇಗಿಲಿಗೆ ಸಿಕ್ಕಾಗ ಬರೀ ತುಕ್ಕು. ಅವತ್ತು ಸಿಕ್ಕಿದ್ದು ಎರಡು. ನಾನೊಂದು ತಗೊಂಡೆ, ನಿನ್ನ ಗಂಡ ಒಂದು."

ಒಳಗೆ ಡ್ರಿಲ್ ಮತ್ತೆ ಗುಂಯ್‌ಗುಡಲು ಶುರುಮಾಡಿತು.

ಡೂಯಿ ಅವಳ ತೋಳು ಹಿಡಿದ. "ಕೂಗಿದ್ರೆ ಅವನಿಗೆ ಕೇಳಲ್ಲ. ಬಾ, ದೂರ ಹೋಗೋಣ."

ಅವಳು ತೋಳು ಕೊಡವಿಕೊಂಡು ಹಿಂಬದಿಗೆ ಓಡಿದಳು. ಅವಳ ಮಂಡಿ ಓಡುವ ಮಂಡಿಯಲ್ಲ. ಗೋಡೆಯ ಕರೆಂಟ್ ಪೆಟ್ಟಿಗೆ ತೆರೆದು ದೊಡ್ಡ ಸ್ವಿಚ್ಚನ್ನು ಕೆಳಗೆಳೆದಳು. ಡ್ರಿಲ್ ನಿಂತಿತು. ಸ್ವಲ್ಪ ಹೊತ್ತಿಗೆ ರಾಸ್ಕೋ ಬೈಯುತ್ತ ಹೊರಗೆ ಬಂದ.

"ಮೂರು ಕೊರ್ದಿದ್ದೆ. ಮೂರನೇದರಲ್ಲಿ ಏನೋ ಹಳದಿ ಪುಡಿ ಬರ್ತಿತ್ತು. ಕರೆಂಟಿಗೆ ಏನು ಬಂತು ರೋಗ?"

ಡೂಯಿ ಅವನ ಕಿವಿಗೆ ಬಾಯಿಟ್ಟು ಎಲ್ಲ ಹೇಳಿದ. ರಾಸ್ಕೋ ತನ್ನ ನೀಲಿ ಕೈಗಳನ್ನೇ ನೋಡುತ್ತ ಮೆಟ್ಟಿಲ ಮೇಲೆ ಕುಸಿದ.

"ಬಾಂಬ್‌ನವರನ್ನ ಕರೆದ್ರೆ ನಾಳೆ ಕಾರ್ಯಕ್ರಮ ಇಲ್ಲ," ಎಂದ ಡೂಯಿ. "ಚರ್ಚೂ ಹೋಯ್ತು ಅಂತ್ಲೇ. ಯೋಚ್ನೆ ಮಾಡು. ಎಲ್ಲಾ ಹೊರಗೆ ಒಯ್ದು ಹೂತುಬಿಟ್ರೆ?"

ವರ್ನಾಗೆ ಆ ಮಾತು ಸಿಹಿಯಾಗಿ ಕೇಳಿಸಿತು ಎನ್ನುವುದನ್ನು ಮುಚ್ಚಿಡುವುದೇಕೆ. ಒಳಗೆ ಅವಳ ಮದುವೆಯ ಫೋಟೋ ಇತ್ತು, ಯುದ್ಧದಿಂದ ಮರಳಿ ಬಾರದ ಹುಡುಗರ ಹೆಸರುಗಳಿದ್ದವು. "ಹೂತಿದ್ದನ್ನೇ ಅಲ್ವಾ ಡೂಯಿ, ನೀವು ಅಗೆದು ತಂದಿದ್ದು," ಎಂದು ಹೇಳಿ ಅವಳು ಫೋನ್ ತೆಗೆದಳು.

ಬಂದ ಅಧಿಕಾರಿ ಯುವತಿ. "ಹೊಲದಿಂದ ಬಂದಿದ್ದು ಯಾವುದು, ಅಮ್ಮ?" ಎಂದು ಕೇಳಿದಳು. ಎಂಟೂ ಅಚ್ಚು ಹಾಕಿದಂತೆ ಒಂದೇ ಥರ ಹೊಳೆಯುತ್ತಿದ್ದವು. ಕೊರೆದದ್ದನ್ನು ಅಲುಗಾಡಿಸುವಂತಿಲ್ಲ, ಉಳಿದವು ಅದಕ್ಕೆ ಒತ್ತಿಕೊಂಡೇ ಇವೆ, ಇದ್ದಲ್ಲೇ ಸಿಡಿಸಬೇಕು ಎಂದಳು. ಫೋಟೋ ಒಂದನ್ನು ತಂದುಕೊಳ್ಳುತ್ತೇನೆಂದು ವರ್ನಾ ಅಂಗಲಾಚಿದಳು. ಬಿಡಲಿಲ್ಲ.

ಸಂಜೆ ಇಳಿಯುವ ಮುಂಚೆ ಕ್ಯಾಂಪ್ ಹಾರ್ಲೋದಲ್ಲಿ ಕೊನೆಯ ಸ್ಫೋಟವಾಯಿತು. ಚರ್ಚು ಎದ್ದು ನಿಂತಂತಾಗಿ ಹಾಗೇ ಕೂತುಬಿಟ್ಟಿತು. ವರ್ನಾ ಅತ್ತಳು. ಆ ಸ್ಫೋಟ ರಾಸ್ಕೋಗೂ ಕೇಳಿಸಿತು.

ದೂಳು ಇಳಿದ ಮೇಲೆ ಅಧಿಕಾರಿ ಅವಶೇಷಗಳನ್ನು ನೋಡಿ ಹತ್ತಿರ ಬಂದಳು. "ಒಂದಲ್ಲ ಅಮ್ಮ. ಐದರಲ್ಲಿ ಮದ್ದಿತ್ತು."

ಮಾತು ತಿಳಿಯಲೆಂದು ರಾಸ್ಕೋ ಅವಳ ತುಟಿಗಳನ್ನೇ ದಿಟ್ಟಿಸುತ್ತಿದ್ದ. ಮೂವರೂ ಡೂಯಿಯ ಪಿಕಪ್‌ನಲ್ಲಿ ಮನೆಗೆ ಹೊರಟರು. ಊರ ಮೊದಲ ಬೀದಿಗೆ ತಿರುಗಿದಾಗ ವರ್ನಾ ಡೂಯಿಗೆ ನಿಲ್ಲಿಸಲು ಹೇಳಿದಳು. ನಾಳೆಯ ಕಾರ್ಯಕ್ರಮಕ್ಕೆಂದು ಜನ ಜಗಲಿಗಳನ್ನು ತೊಳೆದು ಬಾವುಟ ಕಟ್ಟಿದ್ದರು. ಮೊದಲ ಮನೆಯ ಮೆಟ್ಟಿಲ ಎರಡೂ ಪಕ್ಕ ನೀಲಿ ಶೆಲ್ಲುಗಳು. ಅದರಾಚೆಯ ಮನೆಯಲ್ಲಿ ಅಂಚೆಪೆಟ್ಟಿಗೆಯ ಬುಡಕ್ಕೊಂದು. ಅದರಾಚೆ ಹೂಕುಂಡದ ಪಕ್ಕ ಒಂದು, ಅದಕ್ಕೆ ಒರಗಿಸಿಟ್ಟ ಮಕ್ಕಳ ಸೈಕಲ್ಲು.

"ಎಷ್ಟು ಬಳ್ದಿದೀಯ, ರಾಸ್ಕೋ?" ಎಂದು ಅವಳು ಕೇಳಿದಳು.

ರಾಸ್ಕೋ ಅವಳ ತುಟಿ ನೋಡಿಯೇ ತಿಳಿದುಕೊಂಡ. "ಯಾರು ತಂದ್ರೂ ಇಲ್ಲ ಅಂದಿಲ್ಲ, ವರ್ನಾ," ಎಂದ.

ವರ್ನಾ ಇಳಿದು ಮೊದಲ ಮನೆಯ ಬಾಗಿಲ ಕಡೆಗೆ, ಆ ಎರಡು ಶೆಲ್ಲುಗಳ ನಡುವೆ, ಮೆಲ್ಲಗೆ ಹೆಜ್ಜೆಯಿಟ್ಟಳು.